ಮಳೆ ಸದ್ದಿಗೆ ನಿದ್ದೆ ಬಾರದವರು ಒಟ್ಟಿಗೆ ಕುಳಿತರೆ ಏನಾದರೂ ಪ್ರಯೋಜನ ಇದೆಯೇ?

ಮೂರೆಕರೆ · ಜೂನ್ 19, ರಾತ್ರಿ 1.20

ಎಲ್ಲರಿಗೂ ನಮಸ್ಕಾರ. ಹೊತ್ತಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಹೊರಗೆ ಮಳೆ ಹಿಡಿದಿದೆ, ಮನೆಯವರು ಮಲಗಿದ್ದಾರೆ, ನಾನು ಅಡುಗೆಮನೆಯಲ್ಲಿ ಕುಳಿತಿದ್ದೇನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮ ಮನೆಯೂ ಹೋಯಿತು, ಮೂರೆಕರೆ ಕಾಫಿಯೂ ಹೋಯಿತು. ಹಿಂದಿನ ದಿನ ಒರತೆಯ ನೀರು ಕೆಂಪಗೆ ಬಂದಿತ್ತು. ನಮ್ಮ ಅತ್ತೆ ಅದನ್ನು ನೋಡಿ ಹಟ ಹಿಡಿದು ಎಲ್ಲರನ್ನೂ ಹೊರಡಿಸಿದರು. ಅದರಿಂದಲೇ ಜೀವ ಉಳಿಯಿತು. ಆಮೇಲೆ ಪರಿಹಾರ ಕೇಂದ್ರ, ಬಾಡಿಗೆ ಮನೆ, ಈಗ ಬಡಾವಣೆಯಲ್ಲಿ ಸರಕಾರ ಕಟ್ಟಿಸಿಕೊಟ್ಟ ಮನೆ. ಮನೆಗೆ ಹೆಸರಿಡುವ ಹಾಗಿಲ್ಲ, ಗಟ್ಟಿಯಾಗಿದೆ. ಗುಡ್ಡವೂ ದೂರದಲ್ಲಿದೆ. ಆದರೂ ಜೂನ್ ಬಂತೆಂದರೆ ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ನೇತುಹಾಕುತ್ತೇನೆ. ಪ್ಲಾಸ್ಟಿಕ್ ಕವರಿನೊಳಗೆ ಪಹಣಿ, ರೇಷನ್ ಕಾರ್ಡ್, ಪಾಸ್‌ಬುಕ್, ಮಗನ ಅಂಕಪಟ್ಟಿ. ಅದರ ಮೇಲೆ ಒಂದು ಸೀರೆ, ಟಾರ್ಚ್. ಪಹಣಿಯಲ್ಲಿ ಇನ್ನೂ ಮೂರೆಕರೆ ಇದೆ, ಜಾಗದಲ್ಲಿ ಇಲ್ಲ. ಚೀಲ ಮತ್ತೆ ಕಪಾಟಿಗೆ ಹೋಗುವುದು ಕಾವೇರಿ ಸಂಕ್ರಮಣ ಕಳೆದ ಮೇಲೆ. ಆ ನಾಲ್ಕು ತಿಂಗಳು ರಾತ್ರಿ ಎರಡು ಗಂಟೆ ನಿದ್ದೆ ಬಂದರೆ ಹೆಚ್ಚು.

ಇದು ಏಳನೆಯ ಮಳೆಗಾಲ. ಮನೆಯವರ ಮುಂದೆ ಹೇಳಿದರೆ "ಎಲ್ಲ ಮುಗಿದುಹೋದ ವಿಷಯ" ಎಂದು ಎದ್ದು ಹೋಗುತ್ತಾರೆ. ಅವರಿಗೂ ನಿದ್ದೆ ಇಲ್ಲ ಎಂಬುದು ನನಗೆ ಗೊತ್ತು.

ಬಡಾವಣೆಯಲ್ಲಿರುವವರೆಲ್ಲ ಬೇರೆ ಬೇರೆ ಊರಿನಿಂದ ಬಂದವರು. ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಮುಗಿಯಿತು. ಎದುರು ಮನೆಯವಳ ಕಿಟಕಿಯಲ್ಲೂ ನಡುರಾತ್ರಿ ದೀಪ ಉರಿಯುತ್ತಿರುತ್ತದೆ. ಹೆಂಗಸರನ್ನು ನಾಲ್ಕೈದು ಮಂದಿ ಸೇರಿಸಿ ಮಾತನಾಡಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಭಯವೂ ಇದೆ. ಪರಿಹಾರ ಕೇಂದ್ರದಲ್ಲಿದ್ದಾಗ ಯಾರೋ ಬಂದು ನಮ್ಮನ್ನು ದುಂಡಗೆ ಕೂರಿಸಿ, ಒಬ್ಬೊಬ್ಬರಾಗಿ ಆ ರಾತ್ರಿ ಏನಾಯಿತು ಹೇಳಿ ಎಂದಿದ್ದರು. ನನ್ನ ಸರದಿ ಬರುವ ಮೊದಲೇ ಪಕ್ಕದಲ್ಲಿದ್ದ ಹೆಂಗಸು ಕುಸಿದುಬಿದ್ದಳು. ಅಂದಿನಿಂದ ಕುರ್ಚಿ ದುಂಡಗೆ ಹಾಕಿದ್ದು ಕಂಡರೆ ನನಗೆ ಬೆವರುತ್ತದೆ.

ಗೊತ್ತಿರುವವರು ಹೇಳಿ.

ಬೆಟ್ಟದ ಮೇಷ್ಟ್ರು · ಜೂನ್ 19, ಬೆಳಿಗ್ಗೆ 7.05

ಅಮ್ಮಾ, ಓದಿ ಬೇಸರವಾಯಿತು. ಆದರೆ ಒಂದು ಎಚ್ಚರಿಕೆಯ ಮಾತು. ಇದು ಕೊಡಗು. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ಮುಟ್ಟಲು ಫೋನೂ ಬೇಡ. ಗುರುವಾರ ನೀವು ಅತ್ತದ್ದನ್ನು ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಸೊಪ್ಪು ಕೊಳ್ಳುವವರು ನಿಮಗೇ ಹೇಳುತ್ತಾರೆ. ನಾಳೆ ಮಗನಿಗೆ ಹೆಣ್ಣು ಕೇಳಲು ಹೋದಾಗ "ತಾಯಿಗೆ ಸ್ವಲ್ಪ ತಲೆ ಸರಿ ಇಲ್ಲವಂತೆ" ಎಂಬ ಮಾತು ನಿಮಗಿಂತ ಮೊದಲು ಆ ಮನೆ ತಲುಪಿರುತ್ತದೆ. ಒಳ್ಳೆಯ ವೈದ್ಯರಿಗೆ ತೋರಿಸಿ. ಗುಂಪು ಗಿಂಪು ಬೇಡ.

ನಿವೃತ್ತ ಸಿಸ್ಟರ್ · ಜೂನ್ 19, ಬೆಳಿಗ್ಗೆ 9.40

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ. ಮೊದಲು ಮೂರೆಕರೆಯವರಿಗೆ ಉತ್ತರಿಸುತ್ತೇನೆ.

ನಿಮಗೆ ಬೆವರುವುದು ಸಹಜವೇ. ಅನಾಹುತ ಆದ ಹೊಸತರಲ್ಲಿ ಜನರನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಮೊದಲು ಇತ್ತು. ಈಗ ಅದನ್ನು ಮಾಡಬಾರದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿ ಹೊರತಂದಿತು. ಅದರ ಸಾರ ಮೂರೇ ಮಾತು: ನೋಡು, ಕೇಳು, ಜೋಡಿಸು. ಕೇಳು ಎಂದರೆ ಅವರಾಗಿ ಹೇಳಿದ್ದನ್ನು ಕಿವಿಗೊಟ್ಟು ಕೇಳು ಎಂದು. ಕೆದಕು ಎಂದಲ್ಲ. ಕಂಬಳಿ, ಬಿಸಿನೀರು, ಮಗ ಎಲ್ಲಿದ್ದಾನೆ ಎಂಬ ಸುದ್ದಿ, ಇವು ಮೊದಲು. ಅಂದು ನಿಮ್ಮನ್ನು ಕೂರಿಸಿದವರಿಗೆ ಇದು ತಿಳಿದಿರಲಿಲ್ಲ. ತಪ್ಪು ನಿಮ್ಮದಲ್ಲ.

ಈಗ ವೈದ್ಯರ ವಿಷಯ. ವರ್ಷಕ್ಕೆ ನಾಲ್ಕು ತಿಂಗಳು, ಅದೂ ಇಷ್ಟು ವರ್ಷ ನಿದ್ದೆ ಇಲ್ಲ ಎಂದರೆ ಅದು ಬರೀ ನೆನಪಲ್ಲ, ಚಿಕಿತ್ಸೆ ಇರುವ ತೊಂದರೆ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಗೆ ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎನ್ನುತ್ತಾರೆ, ಮನಸ್ಸಿನ ತೊಂದರೆಗೆ ಸರಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನೀವು ರಾತ್ರಿ 1.20ಕ್ಕೆ ಬರೆದಿದ್ದೀರಿ, ಆ ಹೊತ್ತಿಗೂ ಅಲ್ಲಿ ಫೋನ್ ಎತ್ತುವವರಿರುತ್ತಾರೆ.

ಸಾಯಬೇಕು ಎಂಬ ಯೋಚನೆ ಒಂದು ಸಲ ಬಂದು ಹೋದರೂ ಯಾರ ಸಭೆಗೂ ಕಾಯಬೇಡಿ, ಅಂದೇ ಫೋನ್ ಮಾಡಿ. ಗಂಡನಿಗೂ ಇದೇ ಮಾತು.

ಹೆಂಗಸರು ಸೇರುವುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಮಾತ್ರೆಯಿಂದ ನಿದ್ದೆ ಬರಬಹುದು, ಪಕ್ಕದ ಮನೆಯ ಬಾಗಿಲು ತೆರೆಯುವುದಿಲ್ಲ.

ಕಾಳುಮೆಣಸು · ಜೂನ್ 19, ರಾತ್ರಿ 8.15

ಅಕ್ಕಾ, ನನ್ನದು ಗುಡ್ಡದ ಕತೆಯಲ್ಲ, ಬಾಟಲಿಯ ಕತೆ. ಆದರೂ ಹೇಳುತ್ತೇನೆ.

ವಿರಾಜಪೇಟೆ ಕಡೆಯವನು. ಎಂಟು ವರ್ಷ ವಿಪರೀತ ಕುಡಿದೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವಾಗಲೂ ಮದ್ಯ ಇಡುತ್ತೇವೆ, ಮದುವೆಯಲ್ಲಿ ಬೇಡ ಎಂದವನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಹಾಗಾಗಿ ಯಾವಾಗ ಗೆರೆ ದಾಟಿದೆ ಎಂದು ನನಗೂ ತಿಳಿಯಲಿಲ್ಲ, ಬೇರೆಯವರೂ ಹೇಳಲಿಲ್ಲ. ಬೆಳಿಗ್ಗೆ ಕೈ ನಡುಗದ ಹಾಗೆ ಒಂದು ಗುಟುಕು ಬೇಕಾಗುತ್ತಿತ್ತು. ಒಂದು ದಿನ ಹೆಂಡತಿ ತವರಿಗೆ ಹೋದಳು. ನನಗೆ ರೋಷ ಬಂದು ಅಂದೇ ಪೂರ್ತಿ ಬಿಟ್ಟೆ. ಮೂರನೆಯ ದಿನ ಕಾಫಿ ಕಣದಲ್ಲಿ ಫಿಟ್ಸ್ ಬಂದು ಬಿದ್ದೆ. ಕೆಲಸದವರು ಜೀಪಿಗೆ ಹಾಕಿ ಆಸ್ಪತ್ರೆಗೆ ಒಯ್ದರು. ಇದನ್ನು ಓದುವ ಯಾರಾದರೂ ಹಾಗೆ ಕುಡಿಯುವವರಿದ್ದರೆ ದಯವಿಟ್ಟು ಮನೆಯಲ್ಲಿ ಒಮ್ಮೆಲೇ ಬಿಡಬೇಡಿ. ಜೀವಕ್ಕೇ ಅಪಾಯ. ವೈದ್ಯರ ಕಣ್ಣಳತೆಯಲ್ಲಿ ಬಿಡಿ.

ಆಸ್ಪತ್ರೆಯಿಂದ ಬಂದ ಮೇಲೆ ಒಬ್ಬರು ಕುಡಿತ ಬಿಟ್ಟವರ ಸಭೆಗೆ ಕರೆದುಕೊಂಡು ಹೋದರು. ಶುಲ್ಕ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಅಧ್ಯಕ್ಷರು, ಭಾಷಣ ಏನೂ ಇಲ್ಲ. ಇದು ಶುರುವಾದದ್ದು ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ, 1935ರಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರದವನೊಬ್ಬ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವನು, ಕೆಲಸ ಕೆಟ್ಟು ಆ ಊರಿನ ಹೋಟೆಲಿನಲ್ಲಿ ಒಂಟಿಯಾಗಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಫೋನ್ ಹಿಡಿದು ಹುಡುಕಿದ್ದು ವೈದ್ಯರನ್ನಲ್ಲ, ಇನ್ನೊಬ್ಬ ಕುಡುಕನನ್ನು. ಸಿಕ್ಕಿದವನು ಒಬ್ಬ ಶಸ್ತ್ರಚಿಕಿತ್ಸಕ, ಅದು ಬೇರೆ ಮಾತು. ಅವನಿಗೆ ಉಪಕಾರ ಮಾಡಲು ಹೊರಟವನಲ್ಲ ಇವನು, ತಾನು ಕುಡಿಯದೆ ಆ ಸಂಜೆ ದಾಟಬೇಕಿತ್ತು.

ಮೊದಲ ನಾಲ್ಕು ವಾರ ನಾನು ಸಭೆಯಲ್ಲಿ ಬಾಯಿ ಬಿಡಲಿಲ್ಲ. ಐದನೆಯ ವಾರ ಒಬ್ಬ ಹಿರಿಯರು "ನೀನು ಸುಮ್ಮನೆ ಕುಳಿತಿರುತ್ತೀಯಲ್ಲ, ಲೋಟ ತೊಳೆ" ಎಂದರು. ಇಪ್ಪತ್ತು ಲೋಟ. ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ತೊಳೆಯುತ್ತಿದ್ದಾಗ, ಪಕ್ಕದಲ್ಲಿ ಒರೆಸುತ್ತಿದ್ದವನಿಗೆ ಮೊದಲ ಬಾರಿ ಎಲ್ಲ ಹೇಳಿದೆ. ಮುಖ ನೋಡಿಕೊಂಡು ಹೇಳಲು ಆಗದ್ದು ಲೋಟ ನೋಡಿಕೊಂಡು ಹೇಳಲು ಬಂತು.

ಅದಕ್ಕೇ ಅಕ್ಕಾ, ಕುರ್ಚಿ ಹಾಕಬೇಡಿ. ಕೆಲಸ ಇಟ್ಟುಕೊಳ್ಳಿ.

ಲೈನ್‌ಮನೆ · ಜೂನ್ 20, ಮಧ್ಯಾಹ್ನ 2.30

ಒಂದು ಮಾತು ಹೇಳಲೇ? ಯಾರೂ ಬೇಸರ ಮಾಡಿಕೊಳ್ಳಬಾರದು.

ನಿಮ್ಮ ಚೀಲದಲ್ಲಿ ಪಹಣಿ ಇದೆ. ನಮ್ಮ ಅಪ್ಪ ಅಮ್ಮ ಅದೇ ಮಳೆಯಲ್ಲಿ ತೋಟದ ಕೆಲಸದವರ ಲೈನ್ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಹೊರಬಂದವರು. ಕಳೆದುಕೊಂಡದ್ದಕ್ಕೆ ಕಾಗದ ಇರಲಿಲ್ಲ. ಮನೆ ನಮ್ಮ ಹೆಸರಿನಲ್ಲಿರಲಿಲ್ಲ, ಕೆಲಸವೂ ಆ ಗುಡ್ಡದ ಜೊತೆಗೇ ಹೋಯಿತು. ಈಗ ಅಮ್ಮ ಇನ್ನೊಂದು ತೋಟದಲ್ಲಿ ಕೆಲಸ ಮಾಡುತ್ತಾಳೆ, ಗುಡುಗಿದರೆ ಮಂಚದ ಕೆಳಗೆ ಹೋಗುತ್ತಾಳೆ. ನಿಮ್ಮ ಹೆಂಗಸರ ಗುಂಪಿಗೆ ಅವಳನ್ನು ಕರೆಯುತ್ತೀರಾ? ಕರೆದರೂ ಯಾವ ಜಾಗದಲ್ಲಿ ಕೂರಿಸುತ್ತೀರಿ? ಅವಳು ನಲವತ್ತು ವರ್ಷ ಮಾಲೀಕರ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಕಾಫಿ ಕುಡಿದವಳು.

ಬೆಟ್ಟದ ಮೇಷ್ಟ್ರು · ಜೂನ್ 20, ಮಧ್ಯಾಹ್ನ 3.10

ಇಲ್ಲಿ ಆ ವಿಷಯ ಏಕೆ? ಅವರು ಕೇಳಿದ್ದು ನಿದ್ದೆಯ ಬಗ್ಗೆ.

ನಿವೃತ್ತ ಸಿಸ್ಟರ್ · ಜೂನ್ 20, ಮಧ್ಯಾಹ್ನ 3.25

ಇದೂ ನಿದ್ದೆಯ ವಿಷಯವೇ ಮೇಷ್ಟ್ರೇ. ಆ ಅಮ್ಮನಿಗೂ ನಿದ್ದೆ ಇಲ್ಲ.

ಮೂರೆಕರೆ · ಜೂನ್ 20, ರಾತ್ರಿ 11.50

ಲೈನ್‌ಮನೆಯವರೇ, ನನಗೆ ಉತ್ತರ ಹೊಳೆಯದೆ ದಿನವಿಡೀ ಫೋನ್ ತೆಗೆದು ಇಡುತ್ತಿದ್ದೆ. ನೀವು ಹೇಳಿದ್ದು ಸರಿ. ನಮ್ಮ ಮೂರೆಕರೆಯಲ್ಲೂ ಕೊಯ್ಲಿನ ಕಾಲಕ್ಕೆ ಇಬ್ಬರು ಹೆಂಗಸರು ಬರುತ್ತಿದ್ದರು. ಅವರು ಈಗ ಎಲ್ಲಿದ್ದಾರೆ ಎಂದು ನಾನು ಇಂದಿನವರೆಗೆ ವಿಚಾರಿಸಿಲ್ಲ. ನಿಮ್ಮ ತಾಯಿ ಬರುವಷ್ಟು ಹತ್ತಿರದಲ್ಲಿದ್ದರೆ ಬರಲಿ. ನಮ್ಮ ಮನೆಗೆ ಹಿಂದಿನ ಮೆಟ್ಟಿಲೇ ಇಲ್ಲ, ಇರುವುದು ಒಂದೇ ಬಾಗಿಲು.

ಕಿಗ್ಗಟ್ಟುನಾಡು · ಜೂನ್ 21, ಬೆಳಿಗ್ಗೆ 10.00

ನಾನು ಪೊನ್ನಂಪೇಟೆ ಕಡೆಯವಳು, ಈಗ ಬೆಂಗಳೂರಿನಲ್ಲಿ ಕೆಲಸ. ಸಿಸ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ.

ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರಿದ್ದಾರೆ. ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು ಮನೋವೈದ್ಯರು. 2006ರಲ್ಲಿ ಅವರು ಹರಾರೆ ನಗರದಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಸಂಕಟ ಇದ್ದವರು ಬಂದು ಅಜ್ಜಿಯ ಪಕ್ಕ ಕೂರುವುದು, ಅಷ್ಟೇ. ಎದುರಲ್ಲ, ಪಕ್ಕ. ಅಜ್ಜಿಯರು ಖಿನ್ನತೆ ಎಂಬ ಪದ ಬಳಸುವುದಿಲ್ಲ, ತಮ್ಮ ಶೋನಾ ಭಾಷೆಯ ಕುಫುಂಗಿಸಿಸ ಎಂಬ ಮಾತನ್ನೇ ಬಳಸುತ್ತಾರೆ. ಅರ್ಥ, ಅತಿಯಾಗಿ ಯೋಚಿಸುವುದು. ನಮ್ಮ ಅಜ್ಜಿಯೂ "ಅವಳಿಗೆ ಯೋಚನೆ ಜಾಸ್ತಿಯಾಗಿದೆ" ಎಂದೇ ಹೇಳುತ್ತಿದ್ದರು. ಈ ಬೆಂಚಿನ ಫಲ ಏನೆಂದು ಅಳೆದು ನೋಡಿ 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳ ನಂತರ ನೋಡಿದಾಗ, ಮಾಮೂಲಿ ಉಪಚಾರ ಪಡೆದವರಿಗಿಂತ ಬೆಂಚಿಗೆ ಬಂದವರಲ್ಲಿ ಲಕ್ಷಣಗಳು ಎಷ್ಟೋ ಕಡಿಮೆಯಾಗಿದ್ದವು.

ಮೇಷ್ಟ್ರು ಹೇಳುವ ಗುಟ್ಟಿನ ವಿಷಯಕ್ಕೆ ಬಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆ ಕೊಡುವವರು ನಮ್ಮ ಮಾಹಿತಿಯನ್ನು ಗೋಪ್ಯವಾಗಿಡಲೇಬೇಕು. ಸಂತೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಅದು ಬೇರೆ.

ಬೆಟ್ಟದ ಮೇಷ್ಟ್ರು · ಜೂನ್ 21, ಸಂಜೆ 6.30

ನಿನ್ನೆಯಿಂದ ನನ್ನ ಮಾತು ನನಗೇ ಚುಚ್ಚುತ್ತಿದೆ. ಸಂತೆಯ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡವರಲ್ಲಿ ನಾನೂ ಒಬ್ಬ. ನಿವೃತ್ತಿಯ ಮರುವರ್ಷ ಮನೆಯಾಕೆ ತೀರಿಕೊಂಡರು. ನಮ್ಮಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಊರವರು ಬರುತ್ತಾರೆ. ಬಂದರು, ಎಲ್ಲವನ್ನೂ ಅವರೇ ಮಾಡಿದರು, ನನ್ನ ಕೈಗೆ ಒಂದು ಕಡ್ಡಿ ಎತ್ತಲು ಬಿಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಯಾರೂ ಇಲ್ಲ. ಅವರ ತಪ್ಪಲ್ಲ. ಆ ಮೇಲಿನ ದಿನಗಳಿಗೆ ಹಾರಿಸುವ ಗುಂಡು ನಮ್ಮಲ್ಲಿಲ್ಲ.

ಒಂದು ಹಳೆಯ ಮಾತು ನೆನಪಾಯಿತು. ಗದ್ದೆ ನಾಟಿಗೆ ಮುಯ್ಯಾಳು ಎಂದು ಹೋಗುತ್ತಿದ್ದೆವು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಊಟ ಮಾತ್ರ. ಅದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡಿದಂತೆ ಆಗುತ್ತಿರಲಿಲ್ಲ. ಕಾಳುಮೆಣಸಿನವರಿಗೆ ಲೋಟ ತೊಳೆಯಲು ಕೊಟ್ಟ ಆ ಹಿರಿಯರಿಗೆ ಇದು ಗೊತ್ತಿತ್ತು ಎಂದು ಕಾಣುತ್ತದೆ. ನನಗೆ ಆಗ ಯಾರಾದರೂ ಒಂದು ಬುಟ್ಟಿ ಹಲಸಿನ ಬೀಜ ಕೊಟ್ಟು ಸಿಪ್ಪೆ ತೆಗೆ ಎಂದಿದ್ದರೆ ಚೆನ್ನಾಗಿತ್ತು.

ಕಾಳುಮೆಣಸು · ಜೂನ್ 21, ರಾತ್ರಿ 9.00

ಮೇಷ್ಟ್ರೇ, ನಿಮ್ಮ ಊರು ಹೇಳಿ. ಹಲಸಿನ ಬೀಜ ನಮ್ಮಲ್ಲಿ ಒಂದು ಮೂಟೆ ಇದೆ. ತಮಾಷೆಯಲ್ಲ, ಭಾನುವಾರ ಬರುತ್ತೇನೆ.

ನಿವೃತ್ತ ಸಿಸ್ಟರ್ · ಜೂನ್ 22, ಬೆಳಿಗ್ಗೆ 8.20

ಮೂರೆಕರೆಯವರೇ, ಶುರು ಮಾಡುವುದಾದರೆ ಎರಡು ವಿಷಯ ಮನಸ್ಸಿನಲ್ಲಿರಲಿ. ಯಾರಾದರೂ ಅತ್ತರೆ ಕೂಡಲೇ "ಅಳಬೇಡ" ಎನ್ನಬೇಡಿ, ನೀರು ಕೊಟ್ಟು ಸುಮ್ಮನೆ ಪಕ್ಕದಲ್ಲಿರಿ. ಯಾರಾದರೂ ಮಾತನಾಡದಿದ್ದರೆ ಆ ವಾರ ಅವರದು ಮೌನದ ಪಾಳಿ ಎಂದುಕೊಳ್ಳಿ. ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಮಾತ್ರ ಅಲ್ಲಿಗೆ ತರಬೇಡಿ. ಸಾಲದ ಕಂತಿನ ಮಾತು ಬಂದರೆ ಹೆಂಗಸರು ಬೇರೆ ಯಾವ ಕಷ್ಟವನ್ನೂ ಹೇಳುವುದಿಲ್ಲ, ಇದು ನನ್ನ ಮೂವತ್ತು ವರ್ಷದ ಅನುಭವ.

ಮೂರೆಕರೆ · ಜುಲೈ 6, ಸಂಜೆ 5.15

ಮೊನ್ನೆ ಕಣಿಲೆ, ಅಂದರೆ ಎಳೆ ಬಿದಿರು, ಸಿಕ್ಕಿತು. ಎದುರು ಮನೆಯವಳ ಬಾಗಿಲು ತಟ್ಟಿ, "ಒಬ್ಬಳಿಂದ ಹೆಚ್ಚಿ ಮುಗಿಯುವುದಿಲ್ಲ, ಬರುತ್ತೀಯಾ" ಎಂದೆ. ಬಂದಳು. ಅವಳು ಬರುವುದನ್ನು ನೋಡಿ ಪಕ್ಕದ ಇಬ್ಬರು ಬಂದರು. ಲೈನ್‌ಮನೆಯವರ ತಾಯಿಯೂ ಮಗಳ ಸ್ಕೂಟರಿನಲ್ಲಿ ಬಂದರು. ಬಂದವರೇ ನನ್ನ ಕೈಯಿಂದ ಚಾಕು ತೆಗೆದುಕೊಂಡು "ಹೀಗೆ ದಪ್ಪ ಹೆಚ್ಚಿದರೆ ಕಹಿ ಬಿಡುವುದಿಲ್ಲ" ಎಂದು ತೋರಿಸಿಕೊಟ್ಟರು. ಆಮೇಲೆ ನಾವೆಲ್ಲ ಅವರು ಹೇಳಿದ ಹಾಗೆಯೇ ಹೆಚ್ಚಿದೆವು.

ಗುಡ್ಡದ ಮಾತು ಮೊದಲ ದಿನ ಬರಲೇ ಇಲ್ಲ. ಎರಡನೆಯ ಸಲ ಸೇರಿದಾಗ ಒಬ್ಬಳು ಕೈಯಲ್ಲಿದ್ದ ಕಣಿಲೆಯ ಸಿಪ್ಪೆ ಸುಲಿಯುತ್ತಾ, "ನಮ್ಮ ನಾಯಿಯನ್ನು ಬಿಚ್ಚದೆ ಬಂದುಬಿಟ್ಟೆ" ಎಂದಳು. ಏಳು ವರ್ಷ ಅವಳು ಅದನ್ನು ಗಂಡನಿಗೂ ಹೇಳಿರಲಿಲ್ಲವಂತೆ. ಮನೆ, ತೋಟ, ಒಡವೆ ಎಲ್ಲ ಕಳೆದುಕೊಂಡವರ ನಡುವೆ ನಾಯಿಯ ಮಾತು ಹೇಗೆ ಎತ್ತುವುದು ಎಂದು. ಯಾರೂ ಏನೂ ಹೇಳಲಿಲ್ಲ. ಲೈನ್‌ಮನೆ ಅಮ್ಮ ಮಾತ್ರ "ಅದರ ಹೆಸರೇನು?" ಎಂದು ಕೇಳಿದರು.

14416ಕ್ಕೂ ಫೋನ್ ಮಾಡಿದ್ದೆ. ಹೆಣ್ಣುಮಗಳೊಬ್ಬಳು ತಾಳ್ಮೆಯಿಂದ ಕೇಳಿಕೊಂಡಳು. ಮಡಿಕೇರಿಗೆ ಹೋಗಿ ಬಂದಿದ್ದೇನೆ, ಔಷಧಿ ಶುರುವಾಗಿದೆ.

ಲೈನ್‌ಮನೆ · ಜುಲೈ 6, ರಾತ್ರಿ 9.30

ಅಮ್ಮ ಸ್ಕೂಟರಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ನಿಮ್ಮೆಲ್ಲರ ಚಾಕು ಹಿಡಿಯುವ ರೀತಿಯನ್ನು ಬೈಯುತ್ತಿದ್ದಳು. ಅವಳು ಇಷ್ಟು ಖುಷಿಯಲ್ಲಿದ್ದದ್ದನ್ನು ನೋಡಿ ಬಹಳ ದಿನವಾಗಿತ್ತು.

ಬೆಟ್ಟದ ಮೇಷ್ಟ್ರು · ಜುಲೈ 8, ಸಂಜೆ 4.00

ಮೂರೆಕರೆಯವರೇ, ಯಜಮಾನರ ವಿಷಯ ಬರೆಯಲಿಲ್ಲ. ಗಂಡಸರು ಕಣಿಲೆಗೆ ಬಗ್ಗುವ ಜಾತಿಯಲ್ಲ. ನಮ್ಮಲ್ಲಿ ಈಗ ಭಾನುವಾರ ಮೂರು ಮಂದಿ ಸೇರುತ್ತೇವೆ. ಕಾಳುಮೆಣಸಿನವರು ಹಾಳಾದ ಪಂಪ್‌ಸೆಟ್ ಒಂದನ್ನು ತಂದಿಟ್ಟಿದ್ದಾರೆ. ಅದು ರಿಪೇರಿಯಾಗುವ ಲಕ್ಷಣವಿಲ್ಲ, ಆಗಬೇಕೆಂದು ನಮ್ಮಲ್ಲಿ ಯಾರಿಗೂ ಅವಸರವೂ ಇಲ್ಲ. ಅವರನ್ನು ಕಳುಹಿಸಿ.

ಮೂರೆಕರೆ · ಆಗಸ್ಟ್ 4, ಬೆಳಿಗ್ಗೆ 11.10

ನಿನ್ನೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪು ತಿನ್ನುವ ದಿನ. ಮದ್ದು ಸೊಪ್ಪು ಬೇಯಿಸಿ ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದೆವು, ಒಂಬತ್ತು ಮನೆಯವರು. ಹಳೆಯ ಮನೆಯ ಬೇಲಿಯಲ್ಲೇ ಆ ಗಿಡ ಇತ್ತು. ಈ ಸಲ ಸೊಪ್ಪು ತಂದುಕೊಟ್ಟದ್ದು ಲೈನ್‌ಮನೆ ಅಮ್ಮ. ನಮ್ಮವರು ಎರಡು ಭಾನುವಾರ ಪಂಪ್‌ಸೆಟ್ ನೋಡಲು ಹೋಗಿದ್ದಾರೆ. ಅಲ್ಲಿ ಏನು ಮಾತನಾಡಿದರು ಎಂದು ನಾನು ಕೇಳಿಲ್ಲ. ಚೀಲ ಇನ್ನೂ ಬಾಗಿಲ ಹಿಂದೆಯೇ ಇದೆ. ಮಳೆ ಜೋರಾದರೆ ಈಗಲೂ ಎಚ್ಚರವಾಗುತ್ತದೆ, ಆದರೆ ಕೆಲವು ದಿನ ನಾಲ್ಕು ಗಂಟೆಯವರೆಗೆ ನಿದ್ದೆ ಬರುತ್ತಿದೆ.

ನಾನೂ ಎದುರು ಮನೆಯವಳೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ರಾತ್ರಿ ಎಚ್ಚರವಾದವರು ಕಿಟಕಿಯಿಂದ ಟಾರ್ಚ್ ಎರಡು ಸಲ ಹೊತ್ತಿಸಿ ಆರಿಸಬೇಕು. ಇನ್ನೊಬ್ಬಳು ಎದ್ದಿದ್ದರೆ ಹಾಗೆಯೇ ಉತ್ತರ ಕೊಡಬೇಕು. ಜುಲೈ ಪೂರ್ತಿ ಒಂದು ರಾತ್ರಿಯೂ ತಪ್ಪಲಿಲ್ಲ. ಮೊನ್ನೆ ರಾತ್ರಿ ಎರಡಕ್ಕೆ ಭಾರಿ ಮಳೆ. ಟಾರ್ಚ್ ಹೊತ್ತಿಸಿದೆ, ಉತ್ತರ ಇಲ್ಲ. ಮತ್ತೆ ಹೊತ್ತಿಸಿದೆ, ಇಲ್ಲ. ಎದೆ ಡವಡವ ಎನ್ನುತ್ತಿತ್ತು. ಕೊಡೆ ಹಿಡಿದು ಹೋಗೋಣವೇ ಎಂದು ಬಾಗಿಲ ತನಕ ಹೋಗಿ, ನಿಂತು, ವಾಪಸ್ ಬಂದು ಮಲಗಿದೆ.

ಬೆಳಿಗ್ಗೆ ಹಾಲು ತರುವಾಗ ಸಿಕ್ಕಿದಳು. "ರಾತ್ರಿ ಎಲ್ಲಿ ಹೋಗಿದ್ದೆ?" ಎಂದು ಕೇಳಿದೆ. "ನಿದ್ದೆ ಬಂದುಬಿಟ್ಟಿತ್ತು ಅಕ್ಕಾ" ಎಂದು, ಏನೋ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ನಿಂತಳು.